ಕಾಕಾನ ಡೈವ್ ವಾಚು

ಬೀದರಿಗೆ ಸಮುದ್ರವಿಲ್ಲ. ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲೆ ಕೂತ ಊರಿದು. ನೀರು ನೋಡಬೇಕೆಂದರೆ ಭಾಲ್ಕಿ ಕಡೆಯ ಕಾರಂಜಾ ಡ್ಯಾಮಿಗೋ ಔರಾದ ಕಡೆಯ ಮಾಂಜ್ರಾ ಹೊಳೆಗೋ ಹೋಗಬೇಕು. ಹೀಗಿದ್ದೂ ಮೈಲೂರದ ನಮ್ಮ ಪಕ್ಕದ ಮನೆಯ ಕಾಕಾ 200 ಮೀಟರ್ ಎಂದು ಬರೆದ ಡೈವ್ ವಾಚು ಕಟ್ಟಿಕೊಂಡು ತಿರುಗುತ್ತಾರೆ. ದುಬೈಯಿಂದ ಅಳಿಯ ತಂದದ್ದು.

ಮೊನ್ನೆ ಕಾಂಪೌಂಡ್ ಗೋಡೆಗೆ ಮೊಣಕೈ ಊರಿ ಕರೆದರು. "ಏನ್ ಮಾಡ್ಲತ್ತೀರಿ ಸರ್? ಸ್ವಲ್ಪ ಬರ್ರಿ ಇಲ್ಲಿ. ಈ ರಿಂಗ್ ತನ್ನಷ್ಟಕ್ಕ ತಾನೇ ತಿರುಗ್ಲತ್ತದ. ಅಂಗಿ ತೋಳು ತಾಗಿದ್ರ ಸಾಕು, ಎಲ್ಲೋ ಹೋಗಿರ್ತದ."

ವಾಚಿನ ಗಾಜಿನ ಸುತ್ತ ನಿಮಿಷದ ಅಂಕಿ ಹೊತ್ತ ಆ ರಿಂಗ್ ಕಾಕಾಗೆ ಬೇಕಿರುವುದು ಬೋರಿನ ಮೋಟರಿಗೆ. ಸ್ವಿಚ್ ಹಾಕಿದ ಕೂಡಲೇ ರಿಂಗಿನ ಮೇಲಿನ ತ್ರಿಕೋನವನ್ನು ನಿಮಿಷದ ಮುಳ್ಳಿನ ಎದುರಿಗೆ ತಂದಿಡುತ್ತಾರೆ. ಮುಳ್ಳು ರಿಂಗಿನ 20 ಮುಟ್ಟಿತೆಂದರೆ ಟ್ಯಾಂಕ್ ತುಂಬಿತು. 1953ರಲ್ಲಿ ಸ್ವಿಸ್ ಕಂಪನಿ ಬ್ಲಾಂಪಾ 'ಫಿಫ್ಟಿ ಫ್ಯಾದಮ್ಸ್' ವಾಚಿಗೆ ತಿರುಗುವ ರಿಂಗ್ ಕೂರಿಸಿದ್ದೂ ಇಂಥದೇ ಲೆಕ್ಕಕ್ಕೆ. ಫ್ರಾನ್ಸಿನ ಸೇನೆಯ ಮುಳುಗುಗಾರರು ಕಟ್ಟುತ್ತಿದ್ದ ವಾಚದು. ಅವರ ಟ್ಯಾಂಕಿನಲ್ಲಿದ್ದದ್ದು ಗಾಳಿ, ಅದು ಖಾಲಿಯಾಗುತ್ತಿತ್ತು, ಕಾಕಾನದು ತುಂಬುತ್ತದೆ. ವ್ಯತ್ಯಾಸ ಅಷ್ಟೇ.

"ಹಿಂದ್ಕ ಮುಂದ್ಕ ಎರಡೂ ಕಡಿ ಹೊಂಟದಲ್ರಿ?" ಎಂದೆ.

"ಹೌದ್ರಿ, ಮೊದಲ ಹಂಗ ಇರ್ಲಿಲ್ಲ."

ರೋಗ ಅಲ್ಲೇ ಇತ್ತು. ಈಗಿನ ಡೈವ್ ವಾಚಿನ ರಿಂಗ್ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿಗೆ ಮಾತ್ರ ತಿರುಗಬೇಕು. ಕಲ್ಲಿಗೆ ತಾಗಿ ಸರಿದರೂ ಕಳೆದ ಹೊತ್ತು ಇದ್ದದ್ದಕ್ಕಿಂತ ಹೆಚ್ಚೆಂದೇ ಕಾಣುತ್ತದೆ, ಮುಳುಗಿದವನು ಬೇಗ ಮೇಲೆ ಬರುತ್ತಾನೆ. ಇನ್ನೊಂದು ಕಡೆಗೆ ಸರಿದರೆ? ಗಾಳಿ ಇನ್ನೂ ಉಂಟು ಎಂದುಕೊಂಡು ಕೆಳಗೇ ಉಳಿಯುತ್ತಾನೆ. ಸುಮ್ಮನೆ ಸಡಿಲಾದ ರಿಂಗಿಗಿಂತ ರಿಂಗೇ ಇಲ್ಲದ ವಾಚು ಎಷ್ಟೋ ಮೇಲು. ಅದು ಸುಳ್ಳಾದರೂ ಹೇಳುವುದಿಲ್ಲ.

"ಒಂದ್ ಹನಿ ಫೆವಿಕ್ವಿಕ್ ಬಿಟ್ರ ಹೆಂಗ?"

"ನಿಲ್ತದ ಕಾಕಾ. ಆಮ್ಯಾಲ ತಿರುಗೂದೇ ಇಲ್ಲ."

ರಿಂಗಿನ ಪಕ್ಕದಲ್ಲಿ ಸಣ್ಣ ಸ್ಕ್ರೂ ಇದೆಯೇ ಎಂದು ಮೊದಲು ನೋಡಿದೆ. ಇದ್ದರೆ ಎಬ್ಬಿಸಬಾರದು, ಬಿಚ್ಚಬೇಕು. ಇರಲಿಲ್ಲ. ವಾಚಿನ ಮೈಗೆ ಟೇಪ್ ಸುತ್ತಿ, ತೆಳ್ಳನೆಯ ಚಾಕುವಿನ ಅಲಗನ್ನು ಸಂದಿಗೆ ಕೊಟ್ಟು, ಸುತ್ತಲೂ ಚೂರು ಚೂರೇ ಎತ್ತಿದರೆ ಟಪ್ ಎಂದು ಬಂತು. ಕೆಳಗೆ ಬೆವರು, ಸಾಬೂನು, ನಮ್ಮೂರ ಕೆಂಪು ಧೂಳು ಕೂಡಿ ಹದವಾದ ಕೆಸರು. ಅದರೊಳಗೆ ಕೂದಲೆಳೆಯಂಥ ಉಕ್ಕಿನ ಸ್ಪ್ರಿಂಗ್. ಅದರ ನಾಲಿಗೆ ಮೇಲೆದ್ದು ರಿಂಗಿನ ಒಳಹಲ್ಲಿಗೆ ಬಿದ್ದರೇ ಟಿಕ್ ಟಿಕ್ ಸದ್ದು, ಅದೇ ರಿಂಗ್ ಹಿಂದೆ ಬರದಂತೆ ತಡೆಯುವುದು. ಇಲ್ಲಿ ಅದು ಕೆಸರಿನಲ್ಲಿ ಚಪ್ಪಟೆಯಾಗಿ ಮಲಗಿತ್ತು.

ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಚಿಮಟದಲ್ಲಿ ನಾಲಿಗೆಯನ್ನು ತುಸುವೇ ಎತ್ತಿದೆ. ಹೆಚ್ಚು ಎತ್ತಿದರೆ ಮುರಿಯುತ್ತದೆ, ಕೈ ಜಾರಿದರೆ ಹಾರುತ್ತದೆ. ಅದಕ್ಕೇ ಕೆಳಗೆ ಟವೆಲ್ ಹಾಸಿದ್ದು. ರಿಂಗಿನ ಒಳಹಲ್ಲೇ ಸವೆದಿದ್ದರೆ ಈ ಆಟವೆಲ್ಲ ವ್ಯರ್ಥ, ಹೊಸ ರಿಂಗೇ ಗತಿ. ಕಾಕು ಕೊಬ್ಬರಿ ಎಣ್ಣೆಯ ಬಾಟ್ಲಿ ಹಿಡಿದು ಬಂದರು. ಬೇಡವೆಂದೆ, ಅದು ಧೂಳನ್ನೇ ಕರೆಯುತ್ತದೆ. ರಿಂಗಿನ ಕೆಳಗಿನ ರಬ್ಬರ್ ಬಳೆಗೆ ಸಿಲಿಕೋನ್ ಗ್ರೀಸ್ ಸವರಿದರಾಯಿತು. ಹಿಂದಿನ ಮುಚ್ಚಳ ತೆಗೆಯುವ ಮಾತೇ ಇಲ್ಲವಾದ್ದರಿಂದ ಒಳಗೆ ನೀರು ಹೋಗುವ ಹೆದರಿಕೆಯೂ ಇಲ್ಲ. ಬಟ್ಟೆ ಇಟ್ಟು ಎರಡೂ ಹೆಬ್ಬೆರಳಿಂದ ಸಮನಾಗಿ ಒತ್ತಿದೆ, ಕೂತಿತು.

ಕಾಕಾ ತಿರುಗಿಸಿದರು. ಹಿಂದಕ್ಕೆ ತಿರುವಿದರು, ಕದಲಲಿಲ್ಲ. ಕನ್ನಡಕ ಏರಿಸಿ ನೋಡಿ, "ತ್ರಿಕೋನ 12ರ ಮ್ಯಾಲ ಬರಾಬರ್ ಬಂದಿಲ್ರಿ. ಅರ್ಧ ಟಿಕ್ ಆಚಿ ಅದ" ಎಂದರು.

"120 ಟಿಕ್ಕಿನ ರಿಂಗ್ ಕಾಕಾ ಇದು. ಅರ್ಧ ಟಿಕ್ ಅಂದ್ರ ಕಾಲು ನಿಮಿಷ."

"ಕಾಲು ನಿಮಿಷದಾಗ ಎಷ್ಟು ನೀರು ಚೆಲ್ತದ ಗೊತ್ತೇನ್ರಿ?"