ಅರ್ಧ ಬಾನೆಟ್ಟಿನ ವೈಭವ

ಕಪ್ಪು ಕಾರು ಬೇಡ ಎಂದು ನನಗೆ ಹೇಳದವರಿಲ್ಲ. ಹೆಂಡತಿ ಹೇಳಿದಳು, ಅತ್ತೆ ಹೇಳಿದರು, ಕಡೆಗೆ ಮಾರಲು ಕೂತಿದ್ದ ಶೋರೂಮಿನ ಹುಡುಗನೂ “ಮೇಂಟೇನ್ ಮಾಡೋದು ಸ್ವಲ್ಪ ಕಷ್ಟ ಸಾರ್” ಎಂದ. ಆದರೆ ಕಪ್ಪು ಕಾರಿನ ಪಕ್ಕ ನಿಂತರೆ ನನ್ನ ಹೊಟ್ಟೆ ಕೊಂಚ ಒಳಗೆ ಹೋದಂತೆ ಕಾಣುತ್ತದೆ ಎಂಬುದು ನನ್ನ ಗುಟ್ಟಿನ ನಂಬಿಕೆ. ಕಪ್ಪೇ ಬಂತು.

ಬಂದ ಮೇಲೆ ಕೈ ಸುಮ್ಮನಿರುತ್ತದೆಯೇ? ದಿನಾ ಬೆಳಿಗ್ಗೆ ಹಳೇ ಬನಿಯನ್ ಹಿಡಿದು ಗೇಟಿನ ಹತ್ತಿರ ನಿಂತು, ವಾಕಿಂಗ್ ಹೋಗುವವರು ನೋಡುತ್ತಾರೋ ಇಲ್ಲವೋ ಎಂದು ಓರೆಗಣ್ಣು ಬಿಡುತ್ತ, ಧೂಳು ಒರೆಸಿದ್ದೇ ಒರೆಸಿದ್ದು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದಾಗಲಂತೂ ನನಗೆ ಹಬ್ಬ. ಒಣಬಟ್ಟೆಯಲ್ಲೇ ಕೆಲಸ ಮುಗಿಸುವ ನಾನು ಬೀದಿಗೇ ಮಾದರಿ ಪ್ರಜೆ!

ಆ ಬೇಸಿಗೆಯಲ್ಲೇ ಒಂದು ಮಧ್ಯಾಹ್ನ ಬಾನೆಟ್ಟಿನಲ್ಲಿ ಮುಖ ನೋಡಿಕೊಳ್ಳಲು ಬಗ್ಗಿದೆ. ಮುಖದ ಪಕ್ಕದಲ್ಲಿ ಸೂರ್ಯ, ಸೂರ್ಯನ ಸುತ್ತ ಜೇಡರ ಬಲೆ. ಪಕ್ಕಕ್ಕೆ ಸರಿದರೆ ಬಲೆಯೂ ಜೊತೆಗೇ ಸರಿಯಿತು. ಬಲ್ಲವರು ಇದಕ್ಕೆ ಸ್ವರ್ಲ್ ಮಾರ್ಕ್ ಎನ್ನುತ್ತಾರೆ. ಗೀರುಗಳು ಇರುವುದು ಅಡ್ಡಾದಿಡ್ಡಿಯೇ. ಬೆಳಕಿಗೆ ಅಡ್ಡ ಬಿದ್ದವಷ್ಟೇ ಹೊಳೆದು ಸುತ್ತುಸುತ್ತಾಗಿ ಕಾಣುತ್ತವೆ. ಕಾರಣ? ಬಟ್ಟೆಗೆ ಸಿಕ್ಕಿದ ಮರಳಿನ ಕಣವನ್ನು ಬಣ್ಣದ ಮೇಲೆ ದಿನಾ ಉಜ್ಜುವುದು. ಅಂದರೆ ನನ್ನ ಬನಿಯನ್. ಪಕ್ಕದ ಮನೆಯ ರಾಯರ ಕಾರಿಗೆ ಬಟ್ಟೆ ಸೋಕಿದ್ದನ್ನು ಕಂಡವರಿಲ್ಲ. ಅದರ ಹಿಂಗಾಜಿನ ಧೂಳಿನಲ್ಲಿ ಬೀದಿಯ ಮಕ್ಕಳು ಅಆಇಈ ತಿದ್ದುತ್ತಾರೆ. ಮಳೆ ಬಿದ್ದು ತೊಳೆದ ದಿನ ಹೋಗಿ ನೋಡಿದೆ. ಒಂದು ಗೀರಿಲ್ಲ!

“ಯಾರಿಗೂ ಕಾಣಲ್ಲ ಬಿಡ್ರೀ” ಎಂದಳು ಹೆಂಡತಿ. ಅವಳ ರೇಷ್ಮೆ ಸೀರೆಯ ಕಲೆಗೆ ಒಮ್ಮೆ ನಾನೂ ಇದೇ ಮಾತು ಹೇಳಿದ್ದೆ. ಆಮೇಲೆ ಮನೆಯಲ್ಲಿ ಏನಾಯಿತು ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಗೀರು ತೆಗೆಯುವುದೆಂದರೆ ಗೀರನ್ನು ತುಂಬುವುದಲ್ಲ, ಅದರ ಆಳದವರೆಗೆ ಸುತ್ತಲಿನ ಕ್ಲಿಯರ್ ಕೋಟನ್ನು, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರವನ್ನು, ಸವೆಸುವುದು. ಒಬ್ಬ ಹಳ್ಳಕ್ಕೆ ಬಿದ್ದರೆ ಉಳಿದವರನ್ನೆಲ್ಲ ಅವನ ಮಟ್ಟಕ್ಕೆ ಇಳಿಸುವ ಈ ಪದ್ಧತಿಗೆ ನಮ್ಮ ಆಫೀಸಿನಲ್ಲಿ ಅಪ್ರೈಸಲ್ ಎನ್ನುತ್ತೇವೆ. ಆ ಕೋಟಾದರೂ ಎಷ್ಟು ದಪ್ಪ? ಸುಮಾರು 40-50 ಮೈಕ್ರಾನ್, ತಲೆಗೂದಲಿಗಿಂತ ತೆಳು. ನನಗೆ ಉಳಿದಿರುವ ಕೂದಲನ್ನೊಮ್ಮೆ ಮುಟ್ಟಿ ನೋಡಿಕೊಂಡೆ.

ಆಯುಧಪೂಜೆಯ ಹೊತ್ತಿಗೆ ಕಾರು ಕನ್ನಡಿಯಾಗಬೇಕೆಂದು ಪಣ ತೊಟ್ಟೆ. ತೊಳೆದರೂ ಬಿಡದ ಕೊಳೆ ಎತ್ತಲು ಕ್ಲೇ ಬಾರ್ ತರಿಸಿದ್ದೆ. ಮಗಳು ಅದರಲ್ಲಿ ಗಣಪತಿ ಮಾಡಿ ಸ್ಕೂಲಿಗೆ ಒಯ್ದು ಬಹುಮಾನ ತಂದಳು. ಮೈಕ್ರೋಫೈಬರ್ ಬಟ್ಟೆಗಳು ಅಡುಗೆಮನೆ ಸೇರಿ, ಉಕ್ಕಿದ ಸಾರು ಹೀರಿ ಹಳದಿಯಾಗಿದ್ದವು. “ಸಖತ್ತಾಗಿ ಹೀರ್ತವೆ ಕಣ್ರೀ, ಇನ್ನಷ್ಟು ತರಿಸಿ.”

ಪಾಲಿಶಿಂಗ್ ಮೆಷಿನ್ ಮಾತ್ರ ಭಾಮೈದನದ್ದು. ಪ್ಯಾಡನ್ನು ಬಣ್ಣಕ್ಕೆ ಒತ್ತಿ ಹಿಡಿದು ಆಮೇಲೆ ಸ್ವಿಚ್ ಹಾಕಬೇಕು ಎಂದು ಅವನು ಹೇಳಿದ್ದ. ಆದರೆ ರಾಯರು ಗೋಡೆಗೆ ಮೊಣಕೈ ಊರಿ ನೋಡುತ್ತಿದ್ದರಲ್ಲ! ಮೆಷಿನ್ನನ್ನು ಎತ್ತಿ ಹಿಡಿದು ಬುರ್ರ್ ಎನಿಸಿ ತೋರಿಸಿದೆ. ಪ್ಯಾಡಿಗೆ ಬಳಿದಿದ್ದ ಪಾಲಿಶಿನ ಕಾಂಪೌಂಡ್ ಮನೆಯ ಕಾಂಪೌಂಡ್ ಹಾರಿ ರಾಯರ ಕನ್ನಡಕ ಸೇರಿತು. ಮಿಕ್ಕಿದ್ದು, ತಂತಿಯ ಮೇಲಿದ್ದ ಅತ್ತೆಯ ಸೀರೆಗೆ. ಕಪ್ಪು ಬಂಪರಿನ ಪ್ಲಾಸ್ಟಿಕ್ಕಿಗೆ ಹತ್ತಿದ ಬಿಳಿ ಚುಕ್ಕಿಗಳು ಇನ್ನೂ ಇವೆ, ಬೇಕಾದರೆ ಬಂದು ನೋಡಿ.

ಆದರೂ ಬಾನೆಟ್ಟಿನ ನಡುವೆ ಟೇಪು ಅಂಟಿಸಿ ಎಡಗಡೆ ಶುರುಮಾಡಿದವನು ನಿಲ್ಲಿಸಲಿಲ್ಲ. ನಿಧಾನಕ್ಕೆ ಉದ್ದುದ್ದ, ಆಮೇಲೆ ಅಡ್ಡಡ್ಡ. ಒರೆಸಿ ನೋಡಿದರೆ, ದೇವರಾಣೆ, ಬಲೆ ಮಾಯ! ಬಾವಿಯೊಳಗೆ ಇಣುಕಿದಷ್ಟು ಆಳದ ಕಪ್ಪು. ಮನೆಮಂದಿಯನ್ನೆಲ್ಲ ಕೂಗಿ ಕರೆದು, ಟೇಪು ಕಿತ್ತು, ಬಲಗಡೆಗೆ ಮೆಷಿನ್ ಇಟ್ಟೆ. ಕರೆಂಟು ಹೋಯಿತು. ಅದು ಬರುವ ಮೊದಲೇ ಭಾಮೈದ ಬಂದು, ಯಾರಿಗೋ ಅರ್ಜೆಂಟಾಗಿ ಬೇಕಂತೆ ಎಂದು ಮೆಷಿನ್ ಎತ್ತಿಕೊಂಡು ಹೋದ.

ಹೆಂಡತಿ ಎರಡೂ ಕಡೆ ನೋಡಿದಳು. “ಇಷ್ಟು ದಿನ ಇಡೀ ಕಾರು ಚೆನ್ನಾಗಿತ್ತು. ಈಗ ಅರ್ಧ ಬಾನೆಟ್ ಮಾತ್ರ ಚೆನ್ನಾಗಿದೆ.”

ಮರುದಿನದಿಂದ ಬೀದಿಯೆಲ್ಲ ಒಂದೇ ಪ್ರಶ್ನೆ: “ಎಲ್ಲಿ ಗುದ್ದಿದ್ರಿ?” ಅರ್ಧಕ್ಕೆ ಮಾತ್ರ ಪೇಂಟು ಹೊಡೆಸಿದ್ದಾರೆ, ದುಡ್ಡು ಸಾಲಲಿಲ್ಲವಂತೆ ಎಂದು ರಾಯರು ಕನ್ನಡಕದ ಸೇಡು ತೀರಿಸಿಕೊಂಡರು.

ಆಯುಧಪೂಜೆ ಬಂತು. ಚಕ್ರಕ್ಕೆ ನಿಂಬೆಹಣ್ಣು, ಬಾನೆಟ್ಟಿಗೆ ಸೇವಂತಿಗೆ ಹಾರ. ಅತ್ತೆ ವಿಭೂತಿಯ ತಟ್ಟೆ ಹಿಡಿದು ಹೊಳೆಯುವ ಕಡೆಗೇ ನಡೆದರು. “ಇಲ್ಲಿ ಎದ್ದು ಕಾಣುತ್ತೆ ಅಳಿಯಂದ್ರೇ” ಎಂದು ಮೂರು ಬೆರಳು ಒತ್ತಿ ಪಟ್ಟೆ ಎಳೆದರು. ಬೂದಿ ಜಾಸ್ತಿಯಾಯಿತು ಅನ್ನಿಸಿರಬೇಕು. “ಅತ್ತೇ, ಬೇ...” ಎನ್ನುವಷ್ಟರಲ್ಲಿ ಜರಿ ಸೆರಗಿನಿಂದ ಗಸಗಸ ಒರೆಸಿ, ಅಚ್ಚುಕಟ್ಟಾಗಿ ಮತ್ತೆ ಬಳಿದರು.

ಹೆಂಡತಿ ಬಗ್ಗಿ, ಬಿಸಿಲಿಗೆ ಓರೆಯಾಗಿ ನೋಡಿದಳು. ಮುಖ ಅರಳಿತು.

“ನೋಡಿ, ಈಗ ಎರಡೂ ಕಡೆ ಒಂದೇ ಥರ ಆಯ್ತು!”