ಭಾವನ ಭಾನುವಾರ

ಶನಿವಾರ ರಾತ್ರಿ ಒಂಬತ್ತೂವರೆಗೆ ಮನೆಮಂದಿಯ ವಾಟ್ಸಾಪ್ ಗ್ರೂಪು ಗುಂಯ್ ಎಂದರೆ ನನ್ನ ಹೊಟ್ಟೆಯಲ್ಲಿ ಏನೋ ಕಿವುಚಿದಂತಾಗುತ್ತದೆ. ‘ನಾಳೆ ಬೆಳಗ್ಗೆ 6.15ಕ್ಕೆ ಲಾಲ್‌ಬಾಗ್. ಮಕ್ಕಳಿಗೆ ಟೋಪಿ ಕಡ್ಡಾಯ. ವಿನೋದ ಗ್ಯಾರಂಟಿ.’ ಬರೆದವರು ಭಾವ. ಲೆಕ್ಕಕ್ಕೆ ಅವರು ನನ್ನ ಷಡ್ಡಕ. ಹೆಂಡತಿ ಭಾವ ಅಂತಾಳೆ, ನಾನೂ ಅಂತೀನಿ. ‘ಷಡ್ಡಕರೇ’ ಎಂದು ಕೂಗಿದರೆ ಜಗಳಕ್ಕೆ ಕರೆದ ಹಾಗಿರುತ್ತದೆ. ಈ ವಾಕಿಂಗಿಗೆ ನಮ್ಮ ಮನೆಯಿಂದ ನಾನೊಬ್ಬನೇ ಪ್ರತಿನಿಧಿ. ನನ್ನ ಹೆಂಡತಿಗೆ ಭಾನುವಾರ ಮಾತ್ರ ಮೊಣಕಾಲು ನೋವು.

ಭಾವನನ್ನು ನೀವೂ ನೋಡಿರುತ್ತೀರಿ. ಯಾವ ಪಾರ್ಕಿಗೆ ಹೋದರೂ ಅಂಥವರು ಒಬ್ಬರು ಸಿಗುತ್ತಾರೆ. ಕೊರಳಲ್ಲಿ ಸೀಟಿ, ಸೊಂಟಕ್ಕೆ ಚೀಲ, ಮುಂಗೈಗೆ ಹೆಜ್ಜೆ ಎಣಿಸುವ ವಾಚು, ಹಿಂದೆ ಆಕಳಿಸುತ್ತ ಬರುವ ಎರಡು ಮಕ್ಕಳು, ಇನ್ನಷ್ಟು ಹಿಂದೆ, ಈ ಮನುಷ್ಯ ಯಾರೋ ಏನೋ ಎಂಬಂತೆ ನಡೆದು ಬರುವ ಹೆಂಡತಿ. ಮಕ್ಕಳನ್ನು ಮೊಬೈಲಿನಿಂದ ಬಿಡಿಸಿ ನಡೆಸಬೇಕು ಎಂದು ಭಾವ ಓದಿದ್ದು ಮೊಬೈಲಿನಲ್ಲೇ. ಸುಮ್ಮನೆ ನಡೆದರೆ ಮಕ್ಕಳಿಗೆ ಬೇಜಾರು, ಆದ್ದರಿಂದ ಆಟ. ಆಟ ಅಂದಮೇಲೆ ನಿಯಮ. ನಿಯಮ ಅಂದಮೇಲೆ ಅಂಕ. ಅಂಕ ಅಂದಮೇಲೆ ಲ್ಯಾಮಿನೇಟ್ ಮಾಡಿಸಿದ ಹಾಳೆ. ಲೆಕ್ಕಪತ್ರ ತಪಾಸಣೆಯಲ್ಲಿ ಇಪ್ಪತ್ತು ವರ್ಷ ಸವೆಸಿದವರು. ಸಂತೋಷಕ್ಕೂ ವೋಚರ್ ಕೇಳುತ್ತಾರೆ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬುದು ಅವರಿಗೆ ವೇದವಾಕ್ಯ. ಅದು 1965ರಲ್ಲಿ ಜಪಾನಿನವರು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಹಬ್ಬಿದ ಸಂಖ್ಯೆ, ಆ ಹೆಸರಿನ ಅರ್ಥವೇ ‘ಹತ್ತು ಸಾವಿರ ಹೆಜ್ಜೆಯ ಮೀಟರು’ ಎಂದು ಗೇಟಿನಲ್ಲೇ ಬಾಯಿ ಬಿಟ್ಟೆ. ಭಾವನ ನಂಬಿಕೆ ಅಲುಗಲಿಲ್ಲ. ‘ಹೌದಾ? ಒಳ್ಳೆ ಮಾಹಿತಿ. ನಿಮಗೆ 2 ಅಂಕ’ ಎಂದು ಗುರುತು ಹಾಕಿಕೊಂಡರು. ಮಕ್ಕಳಿಬ್ಬರೂ ನನ್ನನ್ನು ವಿಚಿತ್ರ ಪ್ರೀತಿಯಿಂದ ನೋಡಿದರು. ಯಾಕೆಂದು ಆಗ ಹೊಳೆಯಲಿಲ್ಲ.

ಗಾಜಿನ ಮನೆ ಎದುರು ಮೊದಲ ಸೀಟಿ. ‘ಇದಕ್ಕೆ ಅಡಿಗಲ್ಲು ಹಾಕಿದ ವರ್ಷ? 5 ಅಂಕ!’ 1889 ಎಂದು ದೊಡ್ಡವಳಿಗೆ ನಿದ್ದೆಯಲ್ಲೂ ಗೊತ್ತು, ಮೂರು ವಾರದಿಂದ ಅದೇ ಪ್ರಶ್ನೆ. ಆದರೂ ತಲೆ ಕೆರೆದುಕೊಂಡು ‘2003’ ಎಂದಳು. ಪುಟ್ಟ ಮೇಲೆ ನೋಡುತ್ತ, ‘ಇಷ್ಟೊಂದು ಗಾಜು ಒರೆಸೋರು ಯಾರಪ್ಪಾ?’ ಎಂದ. ಆ ಪ್ರಶ್ನೆ ಹಾಳೆಯಲ್ಲಿರಲಿಲ್ಲ. ಅಂಕ ಇಲ್ಲ. (ನನ್ನನ್ನು ಮಾತ್ರ ಅದು ಇವತ್ತಿಗೂ ಕಾಡುತ್ತಿದೆ.) ಮೌನ ಮುರಿಯಲು ನಾನೇ 1889 ಎಂದೆ.

ಕೆಂಪೇಗೌಡ ಗೋಪುರದ ಬಂಡೆ ಹತ್ತಿದೆವು. ‘ಮಕ್ಕಳೇ, ಈ ಕಲ್ಲಿಗೆ ಸುಮಾರು ಮುನ್ನೂರು ಕೋಟಿ ವರ್ಷ! ಎಷ್ಟು ಸೊನ್ನೆ, ಬೇಗ ಹೇಳಿ!’ ಪುಟ್ಟ ಸೊನ್ನೆ ಎಣಿಸಲಿಲ್ಲ. ಕುಕ್ಕರುಗಾಲಲ್ಲಿ ಕೂತು, ಹಿಂಭಾಗವನ್ನು ಬಂಡೆಗೆ ಒಪ್ಪಿಸಿ ಸರ್ರನೆ ಜಾರಿದ. ಹಿಂದೆಯೇ ದೊಡ್ಡವಳು. ಅವರ ಕೇಕೆಗೆ ಯೋಗ ಮಾಡುತ್ತಿದ್ದ ಹಿರಿಯರೊಬ್ಬರು ಒಂದು ಕಣ್ಣು ತೆರೆದರು. ‘ಚಡ್ಡಿ ಹರಿಯುತ್ತೋ!’ ಎಂದರು ಭಾವ. ಮಕ್ಕಳು ಮತ್ತೆ ಹತ್ತಿ ಬಂದು ಮತ್ತೆ ಜಾರಿದರು. ನಾಲ್ಕನೇ ಸಲ ಹತ್ತುವಾಗ ಭಾವ ವಾಚು ನೋಡಿ ಸೀಟಿ ಊದಿದರು.

‘ಸಾಕು, ಸಾಕು! ಹೊತ್ತಾಯ್ತು. 6.55ರಿಂದ 7.05 ವಿನೋದ!’

ವಿನೋದ ಎಂದರೆ ಮರ ಗುರುತಿಸುವ ಸ್ಪರ್ಧೆ. ನೀರುಕಾಯಿ ಮರದ ಕೆಳಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಇದು ಆಫ್ರಿಕಾದ್ದು, ಸ್ಪೆಥೋಡಿಯ ಕ್ಯಾಂಪನುಲೇಟ ಅಂತ ಹೆಸರು, ಎಂದು ಕಣ್ಣು ಅರೆಮುಚ್ಚಿ ಶುರುಮಾಡಿದರು. ಆ ಮರದ ಮೊಗ್ಗು ನೆಲದ ತುಂಬ ಬಿದ್ದಿತ್ತು. ಬಾಗಿದ ಬೆರಳಿನಷ್ಟು, ಕಂದು ಬಣ್ಣ, ಮುಟ್ಟಿದರೆ ಮಖಮಲ್ಲು, ಒಳಗೆ ನೀರು. ತುದಿ ಚಿವುಟಿ ಹಿಚುಕಿದರೆ ಪಿಚಕಾರಿ. ಕ್ಯಾಂಪನುಲೇಟ ಎಂಬ ಪದ ಮುಗಿಯುವ ಹೊತ್ತಿಗೆ ಪುಟ್ಟನ ಪಿಚಕಾರಿ ಭಾವನ ಕನ್ನಡಕಕ್ಕೆ ಬಿತ್ತು.

ಅತ್ತಿಗೆ ಉಸಿರು ಹಿಡಿದರು. ಭಾವ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದರು.

‘ಹಾಗಲ್ಲ ಕಣೋ ಪೆದ್ದ. ತುದಿ ಜಾಸ್ತಿ ಚಿವುಟಿದೀಯ. ತೂತು ಸಣ್ಣ ಇದ್ದಷ್ಟೂ ದೂರ ಹೋಗುತ್ತೆ. ಕೊಡಿಲ್ಲಿ.’

ಉಗುರಿನ ತುದಿಯಿಂದ ಒಂದು ಚೂರು ಮಾತ್ರ ಚಿವುಟಿ, ಒಂದು ಕಣ್ಣು ಮುಚ್ಚಿ, ಹಿಚುಕಿದರು. ನೀರು ಎಳೆಯಾಗಿ ಹೋಗಿ ಅತ್ತಿಗೆಯ ಭುಜ ಮುಟ್ಟಿತು. ಆಮೇಲಿನ ಹತ್ತು ನಿಮಿಷದ ದಾಖಲೆ ಯಾರ ಬಳಿಯೂ ಇಲ್ಲ. ಲ್ಯಾಮಿನೇಟ್ ಹಾಳೆ ಅತ್ತಿಗೆಯ ಕೈಯಲ್ಲಿ ಗುರಾಣಿಯಾಗಿತ್ತು.

ಅಷ್ಟರಲ್ಲಿ ಭಾವನ ಮುಂಗೈ ವಾಚು ಗುರ್ರೆಂದಿತು. ಹತ್ತು ಸಾವಿರಕ್ಕೆ ಇನ್ನೂ ಆರು ಸಾವಿರ ಬಾಕಿ. ಕೂದಲು ಸರಿಮಾಡಿಕೊಂಡು, ಹಾಳೆ ಒರೆಸಿ, ಭಾವ ಮತ್ತೆ ಭಾವನಾದರು.

ಗೇಟಿನ ಹೊರಗೆ ಫಲಿತಾಂಶ. ಪುಟ್ಟ 0, ದೊಡ್ಡವಳು 1, ಅತ್ತಿಗೆ ಗೈರುಹಾಜರು, ನಾನು 19. ‘ಚಿಕ್ಕಪ್ಪ ಫಸ್ಟ್!’ ಎಂದು ಮಕ್ಕಳು ಕುಣಿದದ್ದು ನೋಡಿ ನನಗೆ ಕಣ್ಣು ಒದ್ದೆಯಾಯಿತು. ಬಹುಮಾನವೆಂದರೆ ದೊಡ್ಡ ಲೋಟದ ತುಂಬ ಗರಿಕೆ ರಸ, ಮೇಲೆ ಹಾಗಲಕಾಯಿ ಬೆರೆಸಿದ್ದು. ಸೋತವರಿಗೆ ಸಮಾಧಾನಕ್ಕೆ ಬರೀ ಕಬ್ಬಿನ ಹಾಲು. ಮೂಗು ಹಿಡಿದುಕೊಂಡು ನಾನು ಗುಟುಕರಿಸುವಾಗ ಪುಟ್ಟ ಸ್ಟ್ರಾ ಕಚ್ಚಿಕೊಂಡೇ ಕೇಳಿದ: ‘ಇಲ್ಲಿವರೆಗೆ ನಾವು ಸೋಲೋಕೆ ಎಷ್ಟು ಕಷ್ಟ ಪಡ್ತಿದ್ವಿ ಗೊತ್ತಾ ಚಿಕ್ಕಪ್ಪಾ?’

ಮುಂದಿನ ಶನಿವಾರ ಒಂಬತ್ತೂವರೆಗೆ ಗ್ರೂಪು ಗುಂಯ್ ಎಂದಿತು. ‘ನಾಳಿನ ಸೇರ್ಪಡೆ: 7.05ರಿಂದ 7.15 ನೀರುಕಾಯಿ. ಗುರಿ 8 ಅಡಿ. 10 ಅಂಕ. ಮೊಗ್ಗು ತಲಾ ಎರಡು ಮಾತ್ರ.’ ಅದರ ಕೆಳಗೆ ಅತ್ತಿಗೆಯ ನಂಬರಿನಿಂದ, ಅತ್ತಿಗೆ ಬರೆದದ್ದಲ್ಲ ಎಂದು ಕಾಗುಣಿತದಲ್ಲೇ ಗೊತ್ತಾಗುವ ಒಂದು ಸಾಲು: ‘ಚಿಕಪ್ಪ ನಿವು ಬರಲೆ ಬೇಕು.’