ಯಾರ ನಿದ್ದೆಯನ್ನೂ ಕೆಡಿಸದ ಎಚ್ಚರಿಕೆ ಗಂಟೆ: ಅಳವಡಿಸುವ ಕ್ರಮ

ಐಬಿಎಂ ಎಂಕ್ಯೂ ನೋಡಿಕೊಳ್ಳುವ, ಆದರೆ ನಡುರಾತ್ರಿ ಫೋನು ಎತ್ತಲು ಮನಸ್ಸಿಲ್ಲದ ಸಿಬ್ಬಂದಿಗಾಗಿ ಈ ಕೈಪಿಡಿ. ಬೇಕಾಗುವ ಸಾಮಗ್ರಿ: ಒಂದು ಕ್ಯೂ ಮ್ಯಾನೇಜರ್, ಸಂದೇಶಗಳು ಬಂದು ಬೀಳುವ ಒಂದು ಕ್ಯೂ, ಆಡಿಟಿನವರಿಗೆ ತೋರಿಸಲು ಒಂದು ಸ್ಕ್ರೀನ್‌ಶಾಟ್.

ಮೊದಲಿಗೆ ಮಿತಿ. ಲಿನಕ್ಸ್, ವಿಂಡೋಸ್ ಸರ್ವರುಗಳಲ್ಲಿ ಯಾರೂ ಕೈಯಾಡಿಸದ ಕ್ಯೂ 5000 ಸಂದೇಶ ಹಿಡಿಯುತ್ತದೆ. ಎಚ್ಚರಿಕೆಯ ಮೇಲಿನ ಗೆರೆ ಶೇ. 80, ಕೆಳಗಿನದು ಶೇ. 20. ನಿಮ್ಮ ವ್ಯವಹಾರಕ್ಕೂ ಈ ಅಂಕಿಗಳಿಗೂ ಯಾವ ಸಂಬಂಧವೂ ಇಲ್ಲ, ಹಾಗಾಗಿ ಬದಲಿಸುವ ಗೋಜಿಗೆ ಹೋಗಬೇಡಿ. ಮೀಟಿಂಗಿನಲ್ಲಿ ಯಾರಾದರೂ ‘ಯಾಕ್ರೀ ಎಂಬತ್ತೇ?’ ಎಂದರೆ ‘ಸ್ಟ್ಯಾಂಡರ್ಡ್ ಸಾರ್’ ಎನ್ನಿ. ಮುಂದಿನ ಪ್ರಶ್ನೆ ಬರುವುದಿಲ್ಲ.

ಈಗ ಕ್ಯೂನಲ್ಲಿ ಕ್ಯೂಡಿಪಿಎಚ್‌ಐಇವಿ ಎಂಬ ಸ್ವಿಚ್ಚನ್ನು ಎನೇಬಲ್ ಮಾಡಿ, ಸ್ಕ್ರೀನ್‌ಶಾಟ್ ತೆಗೆಯಿರಿ. ಕ್ಯೂ ಮ್ಯಾನೇಜರಿನಲ್ಲಿ ಪರ್ಫ್‌ಎಂಇವಿ ಎಂಬ ಇನ್ನೊಂದು ಸ್ವಿಚ್ಚಿದೆ. ಮೊದಲಿನಿಂದಲೂ ಆಫ್ ಆಗಿಯೇ ಇರುತ್ತದೆ. ಅದು ಆಫ್ ಇದ್ದಷ್ಟು ಕಾಲ ಮೊದಲನೆಯದು ಗೋಡೆಗೆ ಬರೆದ ಗಂಟೆ. ಅನುಸ್ಥಾಪನೆ ಇಲ್ಲಿಗೇ ಮುಗಿಯಿತೆನ್ನಬಹುದು.

ಆದರೆ ಯಾರೋ ಉತ್ಸಾಹಿ ಹುಡುಗ ಅದನ್ನೂ ಆನ್ ಮಾಡಿಬಿಟ್ಟ ಎನ್ನೋಣ. ಗಾಬರಿ ಬೇಡ. 4000 ಮುಟ್ಟಿದೊಡನೆ ಈವೆಂಟ್ ಒಮ್ಮೆ ಏಳುತ್ತದೆ, ಎದ್ದ ಮೇಲೆ ತನ್ನನ್ನು ತಾನೇ ಡಿಸೇಬಲ್ ಮಾಡಿಕೊಳ್ಳುತ್ತದೆ. ಕ್ಯೂ 1000ಕ್ಕೆ ಇಳಿಯುವವರೆಗೆ ಮತ್ತೆ ಬಾಯಿ ಬಿಡದು. ಒಂದೇ ಸಲ ಹೇಳಿ ಸುಮ್ಮನಾಗುವ ಮನೆಯ ಹಿರಿಯರ ಹಾಗೆ. ರಾತ್ರಿಯಿಡೀ 1500ಕ್ಕೂ 4500ಕ್ಕೂ ನಡುವೆ ಏರಿಳಿಯುತ್ತಿದ್ದರೂ ಎರಡನೆಯ ಕರೆ ಇಲ್ಲ. ಕ್ಯೂ ತುಂಬಿದರೆ ಬೇರೊಂದು ಈವೆಂಟ್ ಇದೆ ನಿಜ, ಆದರೆ ಅದು ಏಳುವುದು ಜಾಗ ಸಾಲದೆ ಒಂದು ಸಂದೇಶವನ್ನು 2053 ಕೋಡ್ ಕೊಟ್ಟು ಹಿಂದಕ್ಕೆ ಕಳಿಸಿದ ಮೇಲೆ.

ಇನ್ನು ಈ ಎಚ್ಚರಿಕೆ ಹೋಗಿ ಬೀಳುವುದೆಲ್ಲಿಗೆ? ಇದು ಈ ವ್ಯವಸ್ಥೆಯ ಅತ್ಯಂತ ರಸವತ್ತಾದ ಭಾಗ. ಸಿಸ್ಟಂ.ಅಡ್ಮಿನ್.ಪರ್ಫ್‌ಎಂ.ಈವೆಂಟ್ ಎಂಬ ಇನ್ನೊಂದು ಕ್ಯೂಗೆ! ಅದನ್ನು ಓದುವ ಪ್ರೋಗ್ರಾಂ ಹಾಕಬೇಡಿ. ಪಿಸಿಎಫ್ ರೂಪದಲ್ಲಿರುವ ಆ ಸಂದೇಶ ಬರಿಗಣ್ಣಿಗಂತೂ ಅರ್ಥವಾಗದು. ಎಚ್ಚರಿಕೆಗಳು ಅಲ್ಲೇ ರಾಶಿ ಬೀಳಲಿ. ಕೊನೆಗೆ ಆ ಕ್ಯೂ ಕೂಡ ತುಂಬುತ್ತದೆ. ಆಗ ಹೊಸ ಎಚ್ಚರಿಕೆಗೆ ಅಲ್ಲಿ ಜಾಗವಿಲ್ಲ. ಆದರೂ ಈವೆಂಟ್ ನಡೆದುಹೋಯಿತೆಂದೇ ಕ್ಯೂ ಮ್ಯಾನೇಜರಿನ ಲೆಕ್ಕ, ಗಂಟೆ ಎಂದಿನಂತೆ ತಾನಾಗಿ ಆಫ್. ಬಾರಿಸಿದ್ದೂ ಆಯಿತು, ಯಾರಿಗೂ ಕೇಳಿಸಲಿಲ್ಲ. ಇದಕ್ಕಿಂತ ಸಭ್ಯವಾದ ಯಂತ್ರವನ್ನು ಕಾಣೆ.

ಇಷ್ಟು ಹೇಳಿದರೂ ಎಚ್ಚರವಾಗಲೇಬೇಕೆಂದು ಹಟ ಹಿಡಿಯುವವರಿದ್ದಾರೆ. ಅಂಥವರು ಎರಡೂ ಸ್ವಿಚ್ಚು ಹಾಕಿ, ಈವೆಂಟ್ ಕ್ಯೂ ಓದಲು ಒಂದು ಪ್ರೋಗ್ರಾಂ ಕೂರಿಸಿ, ಡಿಸ್‌ಪ್ಲೇ ಕ್ಯೂಸ್ಟೇಟಸ್‌ನಲ್ಲಿ ಸಂದೇಶಗಳು ಬೀಳುವ ಮೂಲ ಕ್ಯೂನ ಐಪಿಪ್ರೋಕ್ಸ್ ಎಷ್ಟಿದೆ ನೋಡಿಕೊಳ್ಳಲಿ. ಅದು ಸೊನ್ನೆಯಾಗಿದ್ದರೆ ಸಂದೇಶ ತೆಗೆಯಲು ಆ ಕ್ಯೂ ತೆರೆದವರು ಯಾರೂ ಇಲ್ಲ, ಶೇ. 80 ಆಗಲೆಂದು ಕಾಯುವ ಅಗತ್ಯವೂ ಇಲ್ಲ.